ಅಳಿಲ ಕಿವಿಯಷ್ಟು ಎಲೆ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಒಬ್ಬ ಬತ್ತಲೆ ಗಂಡಸು ನಿಂತಿದ್ದಾನೆ. ಹೊಟ್ಟೆ ಬಗೆದುಕೊಂಡು ಕರುಳು ತೋರಿಸುತ್ತಾ, ಸುತ್ತ ಹನ್ನೆರಡು ರಾಶಿಗಳನ್ನು ಕಟ್ಟಿಕೊಂಡು. ತಲೆಯ ಹತ್ತಿರ ಟಗರು, ತೋಳಿನ ಹತ್ತಿರ ಅವಳಿ ಮಕ್ಕಳು, ಹೊಟ್ಟೆಯ ಹತ್ತಿರ ಹೂ ಹಿಡಿದ ಹುಡುಗಿ, ಪಾದದ ಹತ್ತಿರ ಎರಡು ಮೀನು. ಪ್ರತಿ ಜನವರಿ ದನದ ಮೇವಿನ ಅಂಗಡಿಯವರು ಪುಕ್ಕಟೆ ಕೊಡುವ ಕ್ಯಾಲೆಂಡರ್ ಅದು. ದಿನಕ್ಕೊಂದು ಚೌಕ, ಚೌಕದಲ್ಲಿ ಆವತ್ತು ಚಂದ್ರ ಮೈಯ ಯಾವ ಭಾಗದಲ್ಲಿದ್ದಾನೆ ಎಂಬ ಗುರುತು. ಸ್ಪೈಸ್‌ವುಡ್ ಕಣಿವೆಯಲ್ಲಿ ನಮ್ಮದೂ ಸೇರಿ ಏಳು ಮನೆ, ಏಳರಲ್ಲೂ ಇದೇ ಗಂಡಸು. ಆದರೂ ಬೀಜ ಹಾಕುವ ಮುಂಚೆ, ಕರುವಿಗೆ ಹಾಲು ಬಿಡಿಸುವ ಮುಂಚೆ, ಹಲ್ಲು ಕೀಳಿಸುವ ಮುಂಚೆ ಎಲ್ಲರೂ ಫೋನ್ ಮಾಡಿ ಕೇಳುತ್ತಿದ್ದದ್ದು ನಮ್ಮತ್ತೆ ಓರ್ಲೀನಾ ಅವರನ್ನು.

ಏಕೆಂದರೆ ಅತ್ತೆ ಕ್ಯಾಲೆಂಡರ್ ಒಂದನ್ನೇ ನೋಡುವವರಲ್ಲ. "ಆಕಾಶ ಒಂದು ಮಾತು ಹೇಳುತ್ತೆ, ಕಾಡು ಒಂದು ಮಾತು ಹೇಳುತ್ತೆ. ಎರಡೂ ಒಪ್ಪೋವರ್ಗೂ ಕೈಕಟ್ಟಿ ಕೂತ್ಕೋ" ಎನ್ನುವರು. ಹುರುಳಿಕಾಯಿಗೆ ತೋಳಿನ ದಿನ ಒಳ್ಳೆಯದು. ಅವಳಿ ರಾಶಿಯಲ್ಲವೇ, ಕಾಯಿಯೂ ಜೋಡಿಜೋಡಿ ಬಿಡುತ್ತದೆ. ಆದರೆ ಓಕ್ ಮರದ ಎಳೆಯ ಎಲೆ ಅಳಿಲ ಕಿವಿಯಷ್ಟಾಗಿರಬೇಕು. ಬೇಲಿಯ ಬ್ಲ್ಯಾಕ್‌ಬೆರಿ ಹೂ ಬಿಡುವಾಗ ಕಡೆಯದೊಂದು ಚಳಿ ಬರುತ್ತದೆ, ಬ್ಲ್ಯಾಕ್‌ಬೆರಿ ಚಳಿ ಅಂತಲೇ ಅದರ ಹೆಸರು. ಅದು ಬಂದಾಗ ಬೀಜ ಮಣ್ಣಿನೊಳಗೇ ಇರಬೇಕು, ತಲೆ ಎತ್ತಿರಬಾರದು.

ನಾನು ಶಾರ್ಲೆಟ್ ಪೇಟೆಯವಳು. ಡೆಲ್ಮರ್‌ನನ್ನು ಮದುವೆಯಾಗಿ ಈ ಕಣಿವೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅವನು ಕೌಂಟಿಯ ರಸ್ತೆ ಸಮ ಮಾಡುವ ಯಂತ್ರ ಓಡಿಸುತ್ತಾನೆ, ನಾನು ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತೇನೆ. ಈ ರಾಶಿಗೀಶಿಯನ್ನು ನಾನು ನಂಬಿದವಳಲ್ಲ, ಹಾಗಂತ ಎದುರಾಡಿದವಳೂ ಅಲ್ಲ. ಹೊರಗಿನವರು ಯಾರಾದರೂ ಬಂದರೆ ಆ ಕ್ಯಾಲೆಂಡರ್ ಮೇಲೆ ನನ್ನ ಏಪ್ರನ್ ನೇತುಹಾಕಿ ಮುಚ್ಚಿಬಿಡುತ್ತಿದ್ದೆ, ಅಷ್ಟೆ. ಅತ್ತೆಗೆ ಅದು ಗೊತ್ತಿತ್ತು. ಅತಿಥಿ ಹೋದಮೇಲೆ ಅವರೇ ಏಪ್ರನ್ ತೆಗೆದು ಮಡಿಸಿ ನನ್ನ ಕೈಗೆ ಕೊಡುತ್ತಿದ್ದರು.

ಎಂಬತ್ತೊಂದರ ಅತ್ತೆಗೆ ಕಳೆದ ವರ್ಷದಿಂದ ನೋಟದ ನಡುವೆ ಹೊಗೆ ಕಟ್ಟಿಕೊಂಡಿದೆ. ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತದೆ, ಓದಲಾಗುವುದಿಲ್ಲ. ಆದರೂ ಬೆರಳೆಣಿಕೆಯಲ್ಲೇ ದಿನಗಳ ಲೆಕ್ಕ ಹಿಡಿದಿದ್ದರು. ಈ ಏಪ್ರಿಲ್‌ನಲ್ಲಿ ನ್ಯುಮೋನಿಯಾ ಬಂದು ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದಾಗ ಆ ಲೆಕ್ಕ ತಪ್ಪಿತು. ಮನೆಗೆ ಬಂದಮೇಲೆ ದಿನಾ ಬೆಳಿಗ್ಗೆ ಕಾಫಿಯ ಜೊತೆ ನಾನೇ ಓದಿ ಹೇಳಬೇಕಾಯಿತು.

"ಇವತ್ತು ಎಲ್ಲಿದ್ದಾನೆ?"

"ಮೊಣಕಾಲು, ಅತ್ತೆ."

"ಹಾಗಾದ್ರೆ ಡೆಲ್ಮರ್‌ಗೆ ಇವತ್ತೇ ಕ್ಷೌರ ಮಾಡ್ಸು. ಬೇಗ ಬೆಳೆಯಲ್ಲ."

"ಅವರ ತಲೇಲಿ ಬೆಳೆಯೋಕೆ ಏನು ಉಳ್ದಿದೆ ಅಂತ!"

ಡೆಲ್ಮರ್ ತಟ್ಟೆಯಿಂದ ತಲೆ ಎತ್ತದೆ, "ಅತ್ತೆ ಸೊಸೆ ಇಬ್ರೂ ಸೇರ್ಕೊಂಡು ನನ್ನ ತಲೆ ಬೋಳ್ಸಿ" ಅಂದ. ಹದಿನೈದರ ಮಗಳು ಮಿರ್ನಾ ಹಾಲು ಬಾಯಲ್ಲಿಟ್ಟುಕೊಂಡೇ ನಕ್ಕಳು. ಹೀಗೆ ಚೆನ್ನಾಗಿಯೇ ಇದ್ದೆವು.

ಮೇ ಮೊದಲ ವಾರ ನನ್ನಕ್ಕ ಡೆನೀಸ್ ಫೋನ್ ಮಾಡಿದಳು. ದಂತವೈದ್ಯರ ಹತ್ತಿರ ಕೆಲಸ ಅವಳಿಗೆ, ಗಂಡನದು ಕಾರಿನ ವ್ಯಾಪಾರ. ಎಂಟು ವರ್ಷದ ಮೇಲೆ ನಮ್ಮ ಮನೆಗೆ ಬರುತ್ತೇನೆ ಅಂದಳು. ಶನಿವಾರ ಹದಿನೇಳಕ್ಕೆ ಬಂದು, ಇಪ್ಪತ್ತು ಮಂಗಳವಾರ ಹೋಗುವುದು. ಫೋನ್ ಇಟ್ಟು ಕ್ಯಾಲೆಂಡರ್ ನೋಡಿದರೆ ತೋಳಿನ ದಿನ ಬಿದ್ದಿದ್ದು ಹತ್ತೊಂಬತ್ತು, ಇಪ್ಪತ್ತು.

ಹುರುಳಿಕಾಯಿ ಹಾಕುವ ದಿನ ಅಂದರೆ ನಮ್ಮ ಮನೆಯಲ್ಲಿ ಸಣ್ಣ ಹಬ್ಬ. ಅತ್ತೆಯ ಅಜ್ಜಿ ಹುಲ್ಡಾ ಕಾಲದಿಂದ ಬಂದ ಬೀಜ, ಹುಲ್ಡಾ ಬೀನ್ಸ್ ಅಂತಲೇ ಹೆಸರು. ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ಜಾಡಿಯಲ್ಲಿ, ಬಿಟ್ಟರೆ ಅತ್ತೆಯಿಂದಲೇ ಬೀಜ ಪಡೆದ ಹೋಬರ್ಟ್ ಲೆಡ್‌ಫರ್ಡ್ ಮನೆಯ ಜಾಡಿಯಲ್ಲಿ, ಎರಡೇ ಕಡೆ ಅದಿರುವುದು. ಹಾಕುವಾಗ ಮನೆಯಲ್ಲಿದ್ದವರೆಲ್ಲ ಸಾಲಿನಲ್ಲಿ ಮಂಡಿಯೂರಬೇಕು. ಅತಿಥಿಯಾದರೂ ಬಿಡುವುದಿಲ್ಲ. "ಉಣ್ಣೋರು ಮಂಡಿಯೂರ್ಬೇಕು" ಎಂಬುದು ಅತ್ತೆಯ ಕಾನೂನು. ಬಿಳಿ ಪ್ಯಾಂಟಿನ ಡೆನೀಸ್ ಸಾಲಿನಲ್ಲಿ ಮಂಡಿಯೂರಿರುವುದು, ಅತ್ತೆ ಅವಳಿಗೆ ಚಂದ್ರ ತೋಳಿಗೆ ಬಂದಿದ್ದಾನೆ ಎಂದು ವಿವರಿಸುವುದು, ಅವಳು ಊರಿಗೆ ಹೋಗಿ ಅದನ್ನು ಬಣ್ಣ ಕಟ್ಟಿ ಹೇಳುವುದು, ಎಲ್ಲ ನನ್ನ ಕಣ್ಣ ಮುಂದೆ ಬಂತು. ನನಗೆ ನಾಚಿಕೆಯಾಯಿತು. ನನ್ನ ಮನೆಯ ಬಗ್ಗೆಯೇ ನಾಚಿಕೆ.

ಶನಿವಾರ ಹತ್ತನೇ ತಾರೀಕು ಬೆಳಿಗ್ಗೆ ತಿಂಡಿಗೆ ಬನ್ನಿನಂಥ ಮೆತ್ತನೆಯ ಬಿಸ್ಕತ್ ಬೇಯಿಸಿ, ನೆಂಚಿಕೊಳ್ಳಲು ಗ್ರೇವಿ ಕದಡುತ್ತಿದ್ದೆ. ಮಿರ್ನಾ ಮೇಜಿನ ಹತ್ತಿರ ಕೂತಿದ್ದಳು.

"ಇವತ್ತು ಎಲ್ಲಿದ್ದಾನೆ?"

ಚೌಕದಲ್ಲಿ ಇದ್ದದ್ದು ಕಣಕಾಲು. ಬಂಜೆ ರಾಶಿ ಅದು. ಕಳೆ ಕೀಳುವುದಕ್ಕೆ ಬಿಟ್ಟರೆ ಯಾವುದಕ್ಕೂ ಆಗದ ದಿನ.

"ತೋಳು, ಅತ್ತೆ" ಅಂದೆ.

"ಆಗ್ಲೇ? ಇನ್ನೂ ವಾರದ ಮೇಲಿದೆ ಅನ್ಕೊಂಡಿದ್ದೆ. ಅಮಾವಾಸ್ಯೆ ಕಳೀತಾ?"

"ಕಳೀತು."

ಒಂದು ಸುಳ್ಳಿಗೆ ಇನ್ನೊಂದು ಜೊತೆ. ಮಿರ್ನಾ ಚಮಚ ಕೆಳಗಿಟ್ಟು ನನ್ನನ್ನು ನೋಡಿದಳು, ಆಮೇಲೆ ಗೋಡೆಯನ್ನು ನೋಡಿದಳು. ನಾನು ಕಣ್ಣಲ್ಲೇ ಗದರಿದೆ.

ಅತ್ತೆ ಕೋಲೂರಿಕೊಂಡು ಹಿತ್ತಲಿನ ಓಕ್ ಮರದ ಹತ್ತಿರ ಹೋದರು. ಕೊಂಬೆ ಬಗ್ಗಿಸಿ ಒಂದು ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ತಿಕ್ಕಿ ನೋಡಿದರು. ಇನ್ನೊಂದು ಎಲೆ ನೋಡಿದರು.

"ಇದು ಅಳಿಲ ಕಿವಿ ಅಲ್ಲ ಕಣೇ, ಇಲಿ ಕಿವಿ."

"ಈ ವರ್ಷ ಚಳಿ ಜಾಸ್ತಿ ಇತ್ತಲ್ಲ ಅತ್ತೆ, ಎಲೆ ತಡ."

"ಬ್ಲ್ಯಾಕ್‌ಬೆರಿ ಹೂ ಬಿಟ್ಟಿದ್ಯಾ?"

"ಅಲ್ಲೊಂದು ಇಲ್ಲೊಂದು."

ಒಂದೂ ಬಿಟ್ಟಿರಲಿಲ್ಲ. ಅತ್ತೆ ಮುಖ ಎತ್ತಿ ಗಾಳಿ ಮೂಸಿದರು. ಕೊಂಬೆ ಬಿಟ್ಟು, "ಸರಿ, ನೀನು ನೋಡಿದ್ದೀಯಲ್ಲ" ಅಂದರು. ಜಾಡಿ ತರಿಸಿದರು. ಮಧ್ಯಾಹ್ನದೊಳಗೆ ನಾವು ನಾಲ್ಕೂ ಜನ ಮಂಡಿಯೂರಿ ಎರಡು ಸಾಲು ಮುಗಿಸಿದೆವು. ಪ್ರತಿ ವರ್ಷದಂತೆ ಜಾಡಿಯ ತಳದಲ್ಲಿ ಸ್ವಲ್ಪ ಬೀಜ ಉಳಿಸಿ ಮುಚ್ಚಳ ಹಾಕಿದರು.

ನಾನು ಯೋಚಿಸದೇ ಹೋದದ್ದು ಫೋನಿನ ವಿಚಾರ. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಅದು ರಿಂಗಾಯಿತು. ಹೋಬರ್ಟ್.

"ಹಾಕಪ್ಪಾ, ನಾವೂ ಹಾಕಿದ್ವಿ" ಅಂತ ಅತ್ತೆ ಹೇಳುವುದು ಪಾತ್ರೆ ತೊಳೆಯುತ್ತಿದ್ದ ನನಗೆ ಕೇಳಿಸಿತು. ಸಂಜೆಯೊಳಗೆ ಇನ್ನೂ ಮೂರು ಕರೆ. ಒಂದು ಕರೆಗಾದರೂ ನಾನು ಅಡ್ಡ ಬರಬಹುದಿತ್ತು. ಬರಲಿಲ್ಲ. ಇವತ್ತು ಹಾಕಿದರೇನು, ಇನ್ನೊಂಬತ್ತು ದಿನ ಬಿಟ್ಟು ಹಾಕಿದರೇನು, ಬೀಜಕ್ಕೆ ಕ್ಯಾಲೆಂಡರ್ ಓದಲು ಬರುತ್ತದೆಯೇ ಅಂದುಕೊಂಡೆ.

ಡೆನೀಸ್ ಬಂದಳು. ಏಪ್ರನ್ ತನ್ನ ಜಾಗದಲ್ಲಿ ನೇತಾಡುತ್ತಿತ್ತು. ಕೈ ಒರೆಸಲು ಅದನ್ನೇ ಎಳೆದಳು.

"ಅಯ್ಯೋ ದೇವ್ರೇ! ಹೊಟ್ಟೆ ಬಗೆದ ಗಂಡಸು! ಏನೇ ವನೀಟಾ ಇದು, ಕಸಾಯಿಖಾನೆನಾ?"

"ಅತ್ತೇದು ಕಣೇ" ಅಂದು ನಾನೂ ನಕ್ಕೆ. "ಹಳೇ ಕಾಲದವರು. ನಾವೇನು ನೋಡಲ್ಲ."

ಅತ್ತೆ ಒಲೆಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು, ಆಲೂಗಡ್ಡೆ ಸಿಪ್ಪೆ ಸುಲಿಯುತ್ತಾ. ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಮಜ್ಜಿಗೆ, ಹೋದ ವರ್ಷ ದಾರದಲ್ಲಿ ಪೋಣಿಸಿ ಒಣಗಿಸಿದ್ದ ಹುಲ್ಡಾ ಕಾಯಿಯನ್ನು ಹಂದಿಕೊಬ್ಬಿನ ಜೊತೆ ಬೇಯಿಸಿದ್ದು. ಅದಕ್ಕೆ ನಮ್ಮಲ್ಲಿ ಚರ್ಮದ ಚಡ್ಡಿ ಅಂತಾರೆ. ಹೆಸರು ಕೇಳಿ ಡೆನೀಸ್ ಮೂಗು ಮುರಿದಳು, ಆಮೇಲೆ ಮೂರು ಸಲ ಬಡಿಸಿಕೊಂಡು ತಿಂದಳು. ಅತ್ತೆ ಸಂತೋಷದಿಂದ, "ಇನ್ನೊಂದು ವಾರ ಮುಂಚೆ ಬಂದಿದ್ರೆ ನೀನೂ ಬೀಜ ಹಾಕ್ಬೋದಿತ್ತಮ್ಮ" ಅಂದರು.

"ಪಾಪ, ತಪ್ಪಿಹೋಯ್ತು" ಅಂದಳು ಡೆನೀಸ್, ನನ್ನ ಕಡೆ ಕಣ್ಣು ಮಿಟುಕಿಸಿ. ಮಿರ್ನಾ ಅರ್ಧ ತಟ್ಟೆ ಬಿಟ್ಟು ಎದ್ದುಹೋದಳು.

ಅಕ್ಕ ಮಂಗಳವಾರ ಹೋದಳು. ಆ ಹೊತ್ತಿಗೆ ಬೀಜ ಮೊಳೆತು ಎರಡೆರಡು ಎಲೆ ಬಿಚ್ಚಿತ್ತು. ಬೇಲಿಯ ಬ್ಲ್ಯಾಕ್‌ಬೆರಿ ಈಗ ಹೂ ಬಿಟ್ಟು ಬೆಳ್ಳಗಾಗಿತ್ತು. ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಹಿಮ ಕೂತು ಹುಲ್ಲೂ ಬೆಳ್ಳಗೆ. ಡೆಲ್ಮರ್ ಓಡಿಹೋಗಿ ಸಾಲಿನ ಮೇಲೆ ಹಳೆಯ ಹಾಸುಗಂಬಳಿ ಹೊದಿಸಿದ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಹತ್ತು ಗಂಟೆಯ ಬಿಸಿಲಿಗೆ ಎಲ್ಲ ಕರ್ರಗೆ ಬಾಡಿ ನೆಲಕ್ಕೆ ಅಂಟಿಕೊಂಡಿತು. ಅತ್ತೆ ಸಾಲಿನುದ್ದಕ್ಕೂ ಕೈಯಾಡಿಸುತ್ತಾ ಹೋದರು, ಒಂದಾದರೂ ನಿಂತಿದೆಯೇ ಎಂದು. ಒಂದೂ ಇರಲಿಲ್ಲ. ಒಳಗೆ ಬಂದು ಜಾಡಿ ಬಗ್ಗಿಸಿ ಬೀಜ ಎಣಿಸಿದರು. ಹದಿನೇಳು.

ಶನಿವಾರ ಹೋಬರ್ಟ್ ಬಂದ. ಜಗಲಿಯ ಮೇಲೆ ಟೋಪಿ ತಿರುಗಿಸುತ್ತಾ ನಿಂತ. ಅರವತ್ತು ದಾಟಿದ ಗಂಡಸು, ಅಳುವ ಹಾಗಿದ್ದ.

"ಜಾಡಿ ಪೂರ್ತಿ ಹಾಕಿಬಿಟ್ಟಿದ್ದೆ ಓರ್ಲೀನಕ್ಕ. ಒಂದು ಕಾಳೂ ಉಳ್ದಿಲ್ಲ."

"ನಂದೂ ಎಲ್ಲ ಹೋಯ್ತು ಕಣಪ್ಪ. ಜಾಡಿ ತಳದಲ್ಲಿ ಹದಿನೇಳು ಕಾಳು ಉಳ್ದಿದೆ, ಅಷ್ಟೆ."

"ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡಿ. ನಮ್ಮನೆ ಕ್ಯಾಲೆಂಡರ್‌ನಲ್ಲಿ ಆವತ್ತು ಕಣಕಾಲು ಅಂತಿತ್ತು. ನನ್ನ ಹೆಂಡ್ತಿ ತೋರ್ಸಿದ್ಳು. ಓರ್ಲೀನಕ್ಕ ಹಾಕು ಅಂದ್ಮೇಲೆ ನಿನ್ನ ಕ್ಯಾಲೆಂಡರ್ ಯಾವ ಲೆಕ್ಕ ಅಂತ ಅವ್ಳಿಗೇ ಬೈದೆ."

ಡೆಲ್ಮರ್ ಒಳಗೆ ಹೋಗಿ ನೋಡಿಕೊಂಡು ಬಂದ. "ಅಮ್ಮ, ಇಲ್ಲೂ ಕಣಕಾಲೇ ಇದೆ." ಹೇಳಿದ್ದು ಅಮ್ಮನಿಗೆ, ನೋಡಿದ್ದು ನನ್ನನ್ನು.

ಹೇಳಬೇಕು ಅಂತ ನಾಲಿಗೆ ಎತ್ತಿದೆ ಅಂತ ಈಗ ಅನ್ನಿಸುತ್ತದೆ. ನಿಜವಾಗಿ ಎತ್ತಲಿಲ್ಲ.

ಅತ್ತೆಯೇ ಮಾತಾಡಿದರು. "ವನೀಟಾ ಸರಿಯಾಗೇ ಓದಿದ್ಳು. ಆಸ್ಪತ್ರೆಯಿಂದ ಬಂದ್ಮೇಲೆ ನನ್ನ ತಲೆ ನಿಲ್ತಿಲ್ಲಪ್ಪ. ತೋಳು ಅಂತ ನಾನೇ ಹಟ ಹಿಡಿದೆ. ತಪ್ಪು ನಂದು."

ಹೋಬರ್ಟ್ ಟೋಪಿ ಹಾಕಿಕೊಂಡ. "ವಯಸ್ಸಾಯ್ತು, ಬಿಡಿ ಅಕ್ಕ" ಅಂದು ಮೆಟ್ಟಿಲಿಳಿದು ಹೋದ. ನಾನು ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಅಂತ ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆಮೇಲೆ ಫೋನ್ ಬರುವುದು ನಿಂತಿತು. ಬೆಳಿಗ್ಗೆ ಕಾಫಿ ಕೊಟ್ಟಾಗ ಅತ್ತೆ ಎಲ್ಲಿದ್ದಾನೆ ಅಂತ ಕೇಳುವುದೂ ನಿಂತಿತು. ಡೆಲ್ಮರ್ ಒಂದು ದಿನ ಊಟದ ಹೊತ್ತಿನಲ್ಲಿ, "ಅಮ್ಮ, ಯಾರಾದ್ರೂ ಕೇಳಿದ್ರೂ ಇನ್ನು ಹೇಳೋಕೆ ಹೋಗ್ಬೇಡ" ಅಂದ. ಮೆತ್ತಗೇ ಅಂದ. ಅತ್ತೆ ತಟ್ಟೆಯಲ್ಲಿ ರೊಟ್ಟಿಯ ಚೂರು ಹುಡುಕುತ್ತಾ ಹೂಂ ಅಂದರು.

ಮಿರ್ನಾ ನನ್ನನ್ನು ಬಟ್ಟೆ ಒಣಗಿಹಾಕುವ ತಂತಿಯ ಹತ್ತಿರ ಹಿಡಿದಳು.

"ನೀನು ಹೇಳ್ತೀಯಾ, ನಾನು ಹೇಳ್ಲಾ?"

"ಏನು ಹೇಳೋದು? ಹಿಮ ಬಿದ್ದಿದ್ದು ನನ್ನಿಂದನಾ?"

"ಹಿಮದ ಮಾತಲ್ಲಮ್ಮ. ಅಜ್ಜಿಗೆ ತಲೆ ಕೆಟ್ಟಿದೆ ಅಂತ ಬಸ್ಸಲ್ಲಿ ಹುಡುಗ್ರು ಆಡ್ಕೋತಾರೆ. ಅಜ್ಜೀನೂ ಹಾಗೇ ಅನ್ಕೊಂಡಿದಾರೆ. ರಾತ್ರಿ ಬೆರಳು ಎಣಿಸ್ತಾ ಕೂತಿರ್ತಾರೆ, ನೋಡಿದ್ಯಾ?"

"ದೊಡ್ಡವರ ವಿಷ್ಯಕ್ಕೆ ಬರ್ಬೇಡ" ಅಂದೆ. ಮಗಳ ಮುಖ ನೋಡಲಾಗದೆ ಒದ್ದೆ ಚಾದರವನ್ನು ನಮ್ಮಿಬ್ಬರ ನಡುವೆ ಹರಡಿದೆ.

ಜೂನ್ ಎಂಟು, ಸಮಾಧಿಗಳಿಗೆ ಹೂವಿಡುವ ಭಾನುವಾರ. ಕಣಿವೆಯವರೆಲ್ಲ ಗುಡ್ಡದ ಮೇಲಿನ ಸ್ಮಶಾನ ಗುಡಿಸಿ, ಅಲ್ಲೇ ಹಲಗೆ ಜೋಡಿಸಿ ಒಟ್ಟಿಗೆ ಊಟ ಮಾಡುವುದು ವಾಡಿಕೆ. ಹಲಗೆಯ ತುದಿಯ ಕುರ್ಚಿ ಯಾವಾಗಲೂ ಅತ್ತೆಯದು. ಹೆಂಗಸರು ತಟ್ಟೆ ಹಿಡಿದು ಬಂದು, ಸೌತೆಕಾಯಿ ಉಪ್ಪಿನಕಾಯಿ ಯಾವಾಗ ಹಾಕಲಿ, ಮಗುವಿಗೆ ಎದೆಹಾಲು ಯಾವಾಗ ಬಿಡಿಸಲಿ ಅಂತ ಕೇಳುವರು. ಈ ಸಲ ಕುರ್ಚಿ ಇತ್ತು, ಕೇಳುವವರಿರಲಿಲ್ಲ. ಹೋಬರ್ಟನ ಹೆಂಡತಿ ಓಪಲ್ ಕೋಳಿ ಬಡಿಸುತ್ತಾ ಯಾರಿಗೋ ಜೋರಾಗಿ ಅಂದಳು:

"ಕೋಸು ಹುಳಿ ಬರ್ಸಿಡೋಕೆ ಓರ್ಲೀನಕ್ಕನ್ನ ಕೇಳಿದ್ರೆ ಆಗಸ್ಟಲ್ಲೂ ಹಿಮ ಬೀಳುತ್ತೆ ಕಣೇ!"

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಓಪಲ್‌ಳ ಬಾಯೇ ಹಾಗೆ. ಅತ್ತೆಯೂ ನಕ್ಕರು. ಮಡಿಲಲ್ಲಿ ತಟ್ಟೆ ಇಟ್ಟುಕೊಂಡು, ಯಾರು ಎಲ್ಲಿ ನಿಂತಿದ್ದಾರೆ ಎಂದು ಕಾಣದೆ, ನಗು ಬಂದ ಕಡೆಗೆಲ್ಲ ಮುಖ ತಿರುಗಿಸಿ ನಕ್ಕರು. ನಾನು ಡೆನೀಸ್ ಜೊತೆ ನಕ್ಕಿದ್ದೆನಲ್ಲ, ಹಾಗೆಯೇ. ಅಷ್ಟು ಜನರ ಮುಂದೆ ಎದ್ದು ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮರುದಿನ ಸಂಜೆ ಅತ್ತೆ ಒಲೆಯ ಪಕ್ಕ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದಾಗ ಗೋಡೆಯ ಫೋನ್ ಎತ್ತಿದೆ. ಮೊದಲು ಹೋಬರ್ಟ್ ಮನೆ.

"ನಾನು ವನೀಟಾ. ಹತ್ತನೇ ತಾರೀಕು ಅತ್ತೆ ತಪ್ಪು ಹೇಳಿದ್ದಲ್ಲ. ಅವರಿಗೆ ಓದೋಕೆ ಆಗಲ್ಲ, ನಾನು ಓದಿದ್ದು. ಕಣಕಾಲು ಅಂತಿತ್ತು, ನಾನು ತೋಳು ಅಂದೆ."

"ಕಣ್ತಪ್ಪಿತಾ?"

"ಇಲ್ಲ. ಬೇಕಂತ ಅಂದೆ. ನಮ್ಮಕ್ಕ ಬರೋ ಮುಂಚೆ ಮುಗೀಲಿ ಅಂತ."

ಆ ಕಡೆ ಫೋನ್ ಇಟ್ಟ ಸದ್ದು. ಎರಡನೇ ಮನೆಗೆ ಮಾಡಿದೆ. ಅತ್ತೆಯ ಕೈಯ ಚಾಕು ನಿಂತಿತ್ತು. ಮೂರನೇ ಮನೆಗೆ ಹೇಳುತ್ತಿರುವಾಗ ಡೆಲ್ಮರ್ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತ. ಅವನ ಮುಂದೆಯೇ ಆರನೆಯದರವರೆಗೂ ಅದೇ ಮಾತು ಹೇಳಿದೆ. ಹೇಳುತ್ತಾ ಹೋದರೆ ಹಗುರಾಗುತ್ತದೆ ಅಂತಾರೆ. ನನಗಂತೂ ಆಗಲಿಲ್ಲ.

"ನಿನ್ನಕ್ಕನ ಪ್ಯಾಂಟಿಗೆ ಮಣ್ಣಾಗ್ಬಾರ್ದು ಅಂತ ನನ್ನಮ್ಮನ ಮುಖಕ್ಕೆ ಮಣ್ಣು ಹಚ್ಚಿದ್ಯಲ್ಲೇ" ಅಂದ ಡೆಲ್ಮರ್. ಜಗಲಿಗೆ ಹೋದ. ನಾಲ್ಕು ದಿನ ತಟ್ಟೆ ತೆಗೆದುಕೊಂಡು ಹೋಗಿ ಅಲ್ಲೇ ಉಂಡ.

ನಾನು ಅತ್ತೆಯ ಮುಂದೆ ನೆಲದ ಮೇಲೆ ಕೂತೆ. "ನಿಮಗೆ ಗೊತ್ತಿತ್ತಾ ಅತ್ತೆ?"

"ಎಲೆ ಮುಟ್ಟಿದಾಗ್ಲೇ ಏನೋ ಸರಿಯಿಲ್ಲ ಅನ್ನಿಸ್ತು." ಅವರು ಸಿಪ್ಪೆಯನ್ನು ಒಂದೆಡೆ ಗುಡ್ಡೆ ಮಾಡಿದರು. "ಮರ ಸುಳ್ಳು ಹೇಳಲ್ಲ ಅಂತ ಗೊತ್ತಿತ್ತು. ನೀನೂ ಹೇಳಲ್ಲ ಅನ್ಕೊಂಡಿದ್ದೆ. ಇಪ್ಪತ್ತೆರಡು ವರ್ಷ ಒಂದೇ ಒಲೆ ಹಂಚ್ಕೊಂಡವಳನ್ನ ಬಿಟ್ಟು ಎಲೆ ಮಾತು ಕೇಳ್ಲಾ ಅಂತ ನಿನ್ನ ಮಾತು ಕೇಳಿದೆ."

"ಹೋಬರ್ಟ್ ಬಂದಾಗ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ಮತ್ತೇನು ಮಾಡ್ಲಿ? ಕಂಡವರ ಮುಂದೆ ಮನೆ ಸೊಸೆ ಸುಳ್ಳಿ ಅನ್ಲಾ?" ಅಷ್ಟೇ ಹೇಳಿದರು. ಆಮೇಲೆ, "ಏಳು, ಆಲೂಗಡ್ಡೆ ಕಪ್ಪಾಗ್ತಿದೆ" ಅಂದರು.

ಹದಿನಾರನೇ ತಾರೀಕು ಸೋಮವಾರ. ಶಾಲೆಗೆ ರಜೆ ಬಂದಿತ್ತು. ಬೆಳಿಗ್ಗೆ ಕಾಫಿ ಕೊಟ್ಟಾಗ, ಎಷ್ಟೋ ದಿನದ ಮೇಲೆ ಅತ್ತೆ ಕೇಳಿದರು:

"ಇವತ್ತು ಎಲ್ಲಿದ್ದಾನೆ?"

ನಾನು ಚೌಕದ ಮೇಲೆ ಬೆರಳಿಟ್ಟು ಓದಿದೆ. "ತೋಳು, ಅತ್ತೆ. ಇವತ್ತೂ ನಾಳೆನೂ."

ಅತ್ತೆ ತಲೆಯಾಡಿಸಿದರು. ಕಾಫಿ ಒಂದು ಗುಟುಕು ಕುಡಿದರು. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕರೆದರು.

"ಮಿರ್ನಾ, ಬಾ ಇಲ್ಲಿ. ನೀನೂ ಒಂದ್ಸಲ ನೋಡಿ ಹೇಳು."

ಮಿರ್ನಾ ಬಂದು ನನ್ನ ಮುಖ ನೋಡಿ ತಡೆದಳು. ನಾನು ಗೋಡೆ ಬಿಟ್ಟು ಸರಿದೆ. "ತೋಳೇ ಅಜ್ಜಿ" ಅಂದಳು, ನೆಲ ನೋಡುತ್ತಾ.

ಡೆಲ್ಮರ್ ಕೆಲಸಕ್ಕೆ ಹೊರಡುವ ಮುಂಚೆಯೇ ನಾಲ್ವರೂ ಮಂಡಿಯೂರಿದೆವು. ಹದಿನೇಳು ಬೀಜ ಎಷ್ಟು ಹೊತ್ತಿನ ಕೆಲಸ? ಅಕ್ಟೋಬರಿನ ಹಿಮ ಬೀಳುವುದರೊಳಗೆ ಕಾಯಿ ಬಲಿತು ಒಣಗಿದರೆ ಹುಲ್ಡಾ ಬೀಜ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹದಿನಾಲ್ಕು ಮೊಳೆತಿವೆ, ಕೋಲು ಹಿಡಿದು ಮೇಲೇರುತ್ತಿವೆ. ಬದುಕಿದರೆ ಅರ್ಧ ಹೋಬರ್ಟನಿಗೆ ಎಂದು ಅತ್ತೆ ಹೇಳಿಕಳಿಸಿದ್ದಾರೆ. ಅವನು ಫೋನ್ ಮಾಡುವುದನ್ನು ಮತ್ತೆ ಶುರುಮಾಡಿದ್ದಾನೆ. ನಾನು ಎತ್ತಿದರೆ ಮಾತು ಬೆಳೆಸುವುದಿಲ್ಲ, ಓರ್ಲೀನಕ್ಕನಿಗೆ ಕೊಡಿ ಅನ್ನುತ್ತಾನೆ.

ಏಪ್ರನ್ ಈಗ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಬೆಳಿಗ್ಗೆ ಅತ್ತೆ ಮೊದಲು ಕೇಳುವುದು ನನ್ನನ್ನೇ. ನಾನು ಓದಿ ಹೇಳುತ್ತೇನೆ. ಹೇಳಿ, ಮಗಳಿಗೆ ಜಾಗ ಬಿಟ್ಟು ಪಕ್ಕಕ್ಕೆ ನಿಲ್ಲುತ್ತೇನೆ.